ಜರ್ಮನ್ ಕ್ಯಾಮೆರಾ ಹಾಲಿವುಡ್‌ಗೂ ಹೋಯ್ತು, ಮಲಾಡಿಗೂ ಬಂತು

ಹೋದ ಸಂಚಿಕೆಯಲ್ಲಿ 'ಕಾಸಾಬ್ಲಾಂಕಾ' ಸಿನಿಮಾ ಬಗ್ಗೆ ಬರೀತಾ, ಅದರಲ್ಲಿ ನಾಜಿ ಮೇಜರ್ ಪಾತ್ರ ಮಾಡಿದ ನಟ ನಿಜಜೀವನದಲ್ಲಿ ನಾಜಿಗಳ ಕಾಟಕ್ಕೆ ದೇಶ ಬಿಟ್ಟು ಬಂದ ಜರ್ಮನ್ ಅಂತ ಒಂದೇ ಒಂದು ಸಾಲು ಬರೆದಿದ್ದೆ. ಅದಕ್ಕೇ ಇಷ್ಟೊಂದು ಪತ್ರ, ವಾಟ್ಸಾಪ್ ಮೆಸೇಜ್ ಬಂದಿವೆ. ಮುಂಬೈ, ಪುಣೆ, ಗೋವಾ ಮೂರೂ ಕಡೆಯಿಂದ ಕೇಳಿದ್ದೀರಿ, ಹಾಗಾಗಿ ಈ ಸಲದ ಅಂಕಣ ಪೂರ್ತಿ ಇದೇ ವಿಷಯಕ್ಕೆ.

ಪ್ರ: ಸರ್, ಹಾಲಿವುಡ್‌ಗೆ ಹೋದ ಜರ್ಮನ್ನರೆಲ್ಲ ಹಿಟ್ಲರ್‌ಗೆ ಹೆದರಿ ಓಡಿಹೋದವರೇನಾ? ನಮ್ಮನೇಲಿ ಇದೇ ವಾದ ನಡೀತಿದೆ. (ಡೊಂಬಿವಲಿ)

ಉ: ಎಲ್ಲರೂ ಅಲ್ಲ. ಹಿಟ್ಲರ್ ಅಧಿಕಾರಕ್ಕೆ ಬಂದಿದ್ದು 1933ರ ಜನವರಿಯಲ್ಲಿ, ಅದಕ್ಕಿಂತ ಎಷ್ಟೋ ವರ್ಷ ಮೊದಲೇ ಜರ್ಮನ್ನರು ಅಲ್ಲಿದ್ರು. ಯೂನಿವರ್ಸಲ್ ಸ್ಟುಡಿಯೋ ಕಟ್ಟಿದ ಕಾರ್ಲ್ ಲೆಮ್ಲಿ ಲೌಪ್‌ಹೈಮ್ ಅನ್ನೋ ಸಣ್ಣ ಊರಿಂದ 1884ರಲ್ಲಿ, ಹದಿನೇಳನೇ ವಯಸ್ಸಲ್ಲಿ ಹಡಗು ಹತ್ತಿದ ಹುಡುಗ. ಅರ್ನ್ಸ್ಟ್ ಲುಬಿಟ್ಶ್ 1922ರಲ್ಲಿ ಹೋದ್ರು, ಆಗಿನ ದೊಡ್ಡ ಸ್ಟಾರ್ ಮೇರಿ ಪಿಕ್‌ಫರ್ಡ್ ತನ್ನ ಸಿನಿಮಾ ಡೈರೆಕ್ಟ್ ಮಾಡೋಕೆ ಅಂತ ಕರೆಸ್ಕೊಂಡಿದ್ಲು. ಡೈರೆಕ್ಟರ್ ಮುರ್ನಾವ್ ಅವರನ್ನ ಫಾಕ್ಸ್ ಕಂಪನಿ ಕರೆಸ್ಕೊಂಡಿದ್ದು 1926ರಲ್ಲಿ. ಲುಬಿಟ್ಶ್, ಮುರ್ನಾವ್ ಇಬ್ಬರೂ ಕರೆದಿದ್ದಕ್ಕೆ ಹೋದವರು, ಇನ್ನೊಂದು ಕಡೆ ಬರ್ಲಿನ್ನಿನ ಉಫಾ ಸಿನಿಮಾ ಕಂಪನಿ ದುಡ್ಡಿಲ್ಲದೆ ಒದ್ದಾಡ್ತಿತ್ತು, 1925ರ ಕೊನೇಲಿ ಪ್ಯಾರಾಮೌಂಟ್ ಮತ್ತೆ ಎಂಜಿಎಂ ಹತ್ರ ಸಾಲ ತಗೊಂಡಿತ್ತು, ಸಾಲ ಕೊಟ್ಟವರ ಕಣ್ಣು ಅಲ್ಲಿನ ಪ್ರತಿಭೆ ಮೇಲೂ ಬಿತ್ತು.

1933ರ ನಂತರದ್ದು ಬೇರೆ ಕಥೆ. ಮಾರ್ಚ್ ಮುಗಿಯೋದ್ರೊಳಗೆ ಉಫಾದಲ್ಲಿದ್ದ ಯಹೂದಿ ಕೆಲಸಗಾರರನ್ನ ಮನೆಗೆ ಕಳಿಸೋಕೆ ಶುರು ಮಾಡಿದ್ರು. ಮುಂದೆ ದೊಡ್ಡ ಡೈರೆಕ್ಟರ್ ಆದ ಬಿಲ್ಲಿ ವೈಲ್ಡರ್ ಪ್ಯಾರಿಸ್ಸಿಗೆ ಹೋಗಿ ಅಲ್ಲಿಂದ ಅಮೆರಿಕಾ ಸೇರ್ಕೊಂಡ್ರು, ಡೈರೆಕ್ಟರ್ ರಾಬರ್ಟ್ ಸಿಯೋಡ್‌ಮಾಕ್ ಕೂಡ ಪ್ಯಾರಿಸ್ ದಾರೀಲೇ ಹೋದ್ರು. ವೈಲ್ಡರ್‌ಗೆ ಮುಂದೆ ಆರು ಆಸ್ಕರ್ ಬಂತು, ಆದ್ರೆ ಅವರ ತಾಯಿ ಯುರೋಪಲ್ಲೇ ಉಳಿದು ನಾಜಿಗಳ ನರಮೇಧದಲ್ಲಿ ಸತ್ರು. ಸಕ್ಸಸ್ ಸಕ್ಸಸ್ ಅಂತ ಪಟ್ಟಿ ಮಾಡುವಾಗ ಇದನ್ನೂ ಪಕ್ಕದಲ್ಲಿ ಬರೆದಿಡಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಗೆಲ್ಲದೇ ಇದ್ದವರೂ ಬಹಳ ಜನ ಇದ್ರು. 'ಬ್ಲೂ ಏಂಜೆಲ್' ಸಿನಿಮಾ ಯಾರ ಕಾದಂಬರಿಯಿಂದ ಬಂತೋ ಆ ಹೈನ್ರಿಶ್ ಮನ್, ಜರ್ಮನಿಯ ದೊಡ್ಡ ಸಾಹಿತಿ, ಎಪ್ಪತ್ತರ ಹತ್ತಿರದ ವಯಸ್ಸಲ್ಲಿ ವಾರ್ನರ್ ಸ್ಟುಡಿಯೋದಲ್ಲಿ ಸಣ್ಣ ಸಂಬಳಕ್ಕೆ ಸ್ಕ್ರಿಪ್ಟ್ ಬರೆಯೋ ಕೆಲಸಕ್ಕೆ ಸೇರಿದ್ರು. ಒಂದು ವರ್ಷದ ಕಾಂಟ್ರ್ಯಾಕ್ಟ್, ಅದು ಮುಗಿದ ಮೇಲೆ ಮುಂದುವರಿಸ್ಲಿಲ್ಲ. ಆ ಕಾಂಟ್ರ್ಯಾಕ್ಟ್‌ಗಳು ವೀಸಾ ಸಿಗಲಿ, ಜೀವ ಉಳೀಲಿ ಅಂತ ಮಾಡಿಸಿದ್ದು. ಏಜೆಂಟ್ ಪಾಲ್ ಕೋಹ್ನರ್, ಲುಬಿಟ್ಶ್ ಎಲ್ಲ ಸೇರಿ 1938ರಲ್ಲಿ ಒಂದು ಫಂಡ್ ಶುರು ಮಾಡಿದ್ರು, ಕೆಲಸ ಸಿಕ್ಕವರು ಸಂಬಳದಲ್ಲಿ ಒಂದು ಪಾಲು ಕೆಲಸ ಇಲ್ಲದವರಿಗೆ ಕೊಡೋದು. ಲೆಮ್ಲಿ ಅಂತೂ ತನ್ನೂರಿನ ಯಹೂದಿಗಳಿಗೆ ತಾನೇ ಜಾಮೀನು ನಿಂತು ನೂರಾರು ಜನರನ್ನ ಅಮೆರಿಕಾಕ್ಕೆ ಕರೆಸ್ಕೊಂಡ್ರು. ಮುಂಬೈಗೆ ಮೊದಲು ಬಂದು ನೆಲೆ ಕಂಡವರು ಊರಿನ ಹುಡುಗರನ್ನ ಕರೆಸಿ ಹೋಟ್ಲಲ್ಲಿ ಕೆಲಸ ಕೊಟ್ಟು ರಾತ್ರಿ ಶಾಲೆಗೆ ಹಾಕಿದ ಕಥೆ ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಇಲ್ಲ ಹೇಳಿ, ನಮಗೆ ಲೆಮ್ಲಿ ಬೇಗ ಅರ್ಥ ಆಗ್ತಾರೆ.

ಪ್ರ: ಅಣ್ಣಾ, ನಾನು ಪುಣೆಯಲ್ಲಿ ಓದ್ತಾ ಮರಾಠಿ ನಾಟಕದಲ್ಲಿ ಪಾರ್ಟ್ ಮಾಡ್ತೀನಿ. ನನ್ನ ಮರಾಠಿಯಲ್ಲಿ ಕನ್ನಡದ ವಾಸನೆ ಹೊಡಿಯತ್ತೆ ಅಂತ ಹೇಳಿ ಯಾವಾಗ್ಲೂ ಕೆಲಸದವಳ ಪಾತ್ರನೇ ಕೊಡ್ತಾರೆ. ಆ ಜರ್ಮನ್ ನಟರು ಇಂಗ್ಲಿಷಲ್ಲಿ ಹೇಗೆ ಗೆದ್ರು? (ಕೋಥ್ರೂಡ್, ಪುಣೆ)

ಉ: ತಂಗೀ, ನಿನ್ನ ಪ್ರಶ್ನೆನೇ ಈ ವಿಷಯದ ಹೊಟ್ಟೆಯೊಳಗಿನ ಪ್ರಶ್ನೆ. ನಾನು ನೋಡಿದ ಮಟ್ಟಿಗೆ ಹಾಲಿವುಡ್‌ನಲ್ಲಿ ಜರ್ಮನ್ ಡೈರೆಕ್ಟರ್‌ಗಳು, ಕ್ಯಾಮೆರಾಮನ್‌ಗಳು, ಸಂಗೀತದವರು ಗೆದ್ದಷ್ಟು ಸಲೀಸಾಗಿ ನಟರು ಗೆಲ್ಲಲಿಲ್ಲ, ಗೆದ್ದವರೂ ಬೆಲೆ ತೆತ್ತಿದ್ದಾರೆ. ಕ್ಯಾಮೆರಾ ಹಿಂದೆ ನಿಂತವನ ಉಚ್ಚಾರ ಪರದೆ ಮೇಲೆ ಕೇಳಿಸಲ್ಲ ನೋಡು.

ಎಮಿಲ್ ಯಾನಿಂಗ್ಸ್ ಅಂತ ಒಬ್ಬರು. 1929ರಲ್ಲಿ ಮೊಟ್ಟಮೊದಲ ಆಸ್ಕರ್ ಸಮಾರಂಭ ಆಯ್ತಲ್ಲ, ಅದರಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಇವರಿಗೆ. ಆದ್ರೆ ಸಮಾರಂಭದ ದಿನ ಅವರು ಅಲ್ಲಿರ್ಲೇ ಇಲ್ಲ, ಪ್ರಶಸ್ತಿ ಮೊದಲೇ ಇಸ್ಕೊಂಡು ಜರ್ಮನಿಗೆ ವಾಪಸ್ ಹೋಗಿದ್ರು. ಯಾಕಂದ್ರೆ ಮಾತಿನ ಸಿನಿಮಾ ಬಂದ್ಬಿಡ್ತು, ಅವರ ಇಂಗ್ಲಿಷ್ ನಡೀತಿರ್ಲಿಲ್ಲ. ಮೂಕಿ ಚಿತ್ರದಲ್ಲಿ ಜಗತ್ತೇ ಮೆಚ್ಚಿದ ನಟ, ಒಂದು ಮೈಕು ಬಂದ ತಕ್ಷಣ ಊರಿಗೆ. ಅಲ್ಲಿ ಹೋಗಿ ಮುಂದೆ ನಾಜಿಗಳ ಪ್ರಚಾರದ ಸಿನಿಮಾಗಳಲ್ಲಿ ನಟಿಸಿದ್ರು, ಯುದ್ಧ ಮುಗಿದ ಮೇಲೆ ಮತ್ತೆ ಯಾರೂ ಅವರಿಗೆ ಪಾತ್ರ ಕೊಡ್ಲಿಲ್ಲ.

ಅದೇ ಯಾನಿಂಗ್ಸ್ ಜೊತೆ 'ಬ್ಲೂ ಏಂಜೆಲ್'ನಲ್ಲಿ ನಟಿಸಿದ ಮರ್ಲೀನ್ ಡೀಟ್ರಿಶ್ ಮಾತ್ರ 1930ರಲ್ಲಿ ಹಾಲಿವುಡ್‌ಗೆ ಹೋಗಿ ಗೆದ್ದಳು. ಅಲ್ಲಿ ಮೊದಲನೇ ಸಿನಿಮಾ 'ಮೊರಾಕೊ', ಹಡಗಲ್ಲಿ ಒಬ್ಬ ಗಂಡಸು ಸಹಾಯ ಬೇಕಾ ಅಂತ ಕೇಳ್ತಾನೆ, ಬೇಡ ಅಂತ ಹೇಳಬೇಕು. ಆ ಸಣ್ಣ ಸಾಲಲ್ಲಿ 'ಹೆಲ್ಪ್' ಅನ್ನೋದು ಅವಳ ಬಾಯಲ್ಲಿ ಸರಿಯಾಗಿ ಹೊರಳ್ತಾನೇ ಇರ್ಲಿಲ್ಲ, ಡೈರೆಕ್ಟರ್ ಸ್ಟರ್ನ್‌ಬರ್ಗ್ ಮತ್ತೆ ಮತ್ತೆ ಟೇಕ್ ತಗೊಂಡೇ ತಗೊಂಡ್ರು. ಆ ಸಿನಿಮಾಗೇ ಅವಳಿಗೆ ಆಸ್ಕರ್ ನಾಮಿನೇಷನ್ ಬಂತು. ನೋಡಿದ್ರೆ ಗೊತ್ತಾಗತ್ತೆ, ಅದರಲ್ಲಿ ಅವಳ ಮಾತು ಕಮ್ಮಿ, ಕಣ್ಣು ಜಾಸ್ತಿ, ಕೋಟು ಟೋಪಿ ಹಾಕ್ಕೊಂಡು ಸ್ಟೇಜ್ ಮೇಲೆ ಬಂದು ಸುಮ್ನೆ ನಿಂತ್ಕೊಂಡು ಸಿಗರೇಟ್ ಹೊಗೆ ಬಿಡೋ ರೀತೀಲೇ ಅರ್ಧ ಸಿನಿಮಾ ಅವಳದಾಗತ್ತೆ. ಅವಳ ಉಚ್ಚಾರ ಕೊನೇವರೆಗೂ ಹೋಗ್ಲಿಲ್ಲ, ಅದನ್ನೇ ಅವಳ ಗುರುತು ಅಂತ ಜನ ಒಪ್ಕೊಂಡ್ರು. ನಾಜಿಗಳು ವಾಪಸ್ ಬಾ ಅಂತ ಕರೆದ್ರೂ ಹೋಗದೆ 1939ರಲ್ಲಿ ಅಮೆರಿಕಾದ ಪೌರತ್ವ ತಗೊಂಡು, ಯುದ್ಧಭೂಮಿಗೆ ಹೋಗಿ ಸೈನಿಕರ ಮುಂದೆ ಹಾಡಿದಳು. 1960ರಲ್ಲಿ ಜರ್ಮನಿಗೆ ಹಾಡೋಕೆ ಹೋದಾಗ ದ್ರೋಹಿ ಅಂತ ಬೈದವರೂ ಇದ್ರು.

ಲುಯಿಸ್ ರೈನರ್ ಅಂತ ಇನ್ನೊಬ್ಬಳು, ಡುಸೆಲ್ಡಾರ್ಫಲ್ಲಿ ಹುಟ್ಟಿದವಳು, ಸತತ ಎರಡು ವರ್ಷ ಆಸ್ಕರ್ ಗೆದ್ದ ಮೊದಲ ಕಲಾವಿದೆ, 1936 ಮತ್ತು 1937ರ ಸಿನಿಮಾಗಳಿಗೆ. ಎರಡನೇದು ಚೀನಾದ ರೈತ ಹೆಂಗಸಿನ ಪಾತ್ರ. ಅಮೆರಿಕಾದಲ್ಲೇ ಹುಟ್ಟಿ ಬೆಳೆದ ಚೀನೀ ಮೂಲದ ನಟಿ ಆನ್ನಾ ಮೇ ವಾಂಗ್‌ಗೆ ಆ ಪಾತ್ರ ಕೊಡ್ಲಿಲ್ಲ, ಹೀರೋ ಬಿಳಿಯ ಅನ್ನೋ ಕಾರಣಕ್ಕೆ. ಅದು ಅನ್ಯಾಯ, ರೈನರ್ ಎಷ್ಟೇ ಚೆನ್ನಾಗಿ ಮಾಡಿದ್ರೂ ಅನ್ಯಾಯವೇ. ರೈನರ್‌ಗೂ ಮುಂದೆ ಒಳ್ಳೇ ಪಾತ್ರ ಸಿಗದೆ ಕೆಲವೇ ವರ್ಷಕ್ಕೆ ಹಾಲಿವುಡ್ ಬಿಟ್ಟಳು.

ಇನ್ನು ನಿನ್ನ ವಿಷಯ. ಉಚ್ಚಾರ ತಿದ್ದಬಹುದು, ತಿದ್ದೋಕೆ ಕೂರು, ಆದ್ರೆ ಅದು ಪೂರ್ತಿ ಹೋಗೋವರೆಗೂ ಸ್ಟೇಜ್ ಹತ್ತಲ್ಲ ಅಂತ ಕೂರಬೇಡ. ಮಾತಿಲ್ಲದ ಸೀನ್ ಸಿಕ್ಕಿದ್ರೆ ಬಿಡಬೇಡ, ಅಲ್ಲೇ ನಿನ್ನನ್ನ ನೋಡೋದು. ಯಾವಾಗ್ಲೂ ಕೆಲಸದವಳ ಪಾತ್ರನೇ ಕೊಡೋ ತಂಡದ ಜೊತೆ ಒಂದು ಸಲ ಮುಖ ಕೊಟ್ಟು ಮಾತಾಡು, ಆಮೇಲೂ ಅದೇ ಆದ್ರೆ ಬೇರೆ ತಂಡ ನೋಡ್ಕೋ. ಪುಣೆಯಲ್ಲಿ ನಾಟಕ ತಂಡಗಳಿಗೆ ಬರ ಇಲ್ಲ.

ಪ್ರ: ಕ್ರಿಸ್ಟಾಫ್ ವಾಲ್ಟ್ಸ್ ಜರ್ಮನ್ನಾ? ಮೈಕೆಲ್ ಫಾಸ್ಬೆಂಡರ್? (ಮೀರಾ ರೋಡ್)

ಉ: ಇಬ್ಬರೂ ಈಗಿನ ಹಾಲಿವುಡ್ ನಟರು. ವಾಲ್ಟ್ಸ್ ಹುಟ್ಟಿದ್ದು ವಿಯೆನ್ನಾದಲ್ಲಿ, ಆಸ್ಟ್ರಿಯಾದವರು, ತಂದೆ ಜರ್ಮನ್. ಫಾಸ್ಬೆಂಡರ್ ಹುಟ್ಟಿದ್ದು ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ, ಬೆಳೆದಿದ್ದು ಐರ್ಲೆಂಡ್‌ನಲ್ಲಿ. ಹಳೇ ಕಾಲದವರಲ್ಲೂ ಡೈರೆಕ್ಟರ್ ಫ್ರಿಟ್ಸ್ ಲಾಂಗ್ ವಿಯೆನ್ನಾದವರು, ವೈಲ್ಡರ್ ಹುಟ್ಟಿದ ಊರು ಈಗ ಪೋಲೆಂಡಲ್ಲಿದೆ, ನಟ ಪೀಟರ್ ಲೊರೆ ಹುಟ್ಟಿದ್ದು ಈಗಿನ ಸ್ಲೊವಾಕಿಯಾದಲ್ಲಿ. ಆದ್ರೆ ಈ ಹಳಬರೆಲ್ಲ ಸಿನಿಮಾದಲ್ಲಿ ಹೆಸರು ಮಾಡಿದ್ದು ಬರ್ಲಿನ್ನಿಂದ, ಅದಕ್ಕೇ ಜರ್ಮನ್ ಸಿನಿಮಾದವರು ಅಂತ ಸೇರಿಸೋದು.

ಪ್ರ: ನಾನು ಮೈಸೂರು ಕಡೆಯವನು, ಮಾತುಂಗಾದಲ್ಲಿ ಐವತ್ತು ವರ್ಷದಿಂದ ಇದ್ದೀನಿ. ನಮ್ಮ ಸಾಬು ಕೂಡ ಜರ್ಮನ್ ನಟರ ಜೊತೆ ಮಾಡಿದ್ದ ಅಂತ ನಮ್ಮ ತಂದೆ ಹೇಳ್ತಿದ್ರು, ನಿಜವೇ? (ಮಾತುಂಗಾ)

ಉ: ನಿಜ ಸರ್, ನಿಮ್ಮ ತಂದೆಯವರು ಹೇಳಿದ್ದು ಸರಿ, ಕೇಳಿದ್ದಕ್ಕೆ ತುಂಬಾ ಖುಷಿ ಆಯ್ತು. ಹೋದ ಸಲ ನಾನು ಬರೆದ ಆ ನಾಜಿ ಮೇಜರ್ ಪಾತ್ರಧಾರಿ ಕಾನ್ರಾಡ್ ಫೈಟ್, ಅವರೇ 1940ರ 'ದಿ ಥೀಫ್ ಆಫ್ ಬಗ್ದಾದ್'ನಲ್ಲಿ ದುಷ್ಟ ಮಂತ್ರಿ ಜಾಫರ್, ಕಳ್ಳ ಹುಡುಗ ಅಬು ನಮ್ಮ ಸಾಬು. ಕಬಿನಿ ತೀರದ ಕಾರಾಪುರದಲ್ಲಿ ಮಹಾರಾಜರ ಆನೆ ಮಾವುತನ ಮಗನಾಗಿ ಹುಟ್ಟಿದ ಹುಡುಗ, 'ಎಲಿಫೆಂಟ್ ಬಾಯ್' ಸಿನಿಮಾಕ್ಕೆ ಹುಡುಕ್ತಾ ಬಂದವರ ಕಣ್ಣಿಗೆ ಬಿದ್ದು ಇಂಗ್ಲೆಂಡಿಗೆ ಹೋದ. 'ಬಗ್ದಾದ್' ಶೂಟಿಂಗ್ ಇಂಗ್ಲೆಂಡಲ್ಲಿ ನಡೀತಿದ್ದಾಗ ಯುದ್ಧ ಶುರುವಾಗಿ ಉಳಿದಿದ್ದನ್ನ ಅಮೆರಿಕಾಕ್ಕೆ ಸಾಗಿಸಿ ಮುಗಿಸಿದ್ರು, ಹಾಗೆ ಇಬ್ಬರೂ ಹಾಲಿವುಡ್ ಸೇರಿದ್ರು. ಅದರ ಡೈರೆಕ್ಟರ್‌ಗಳಲ್ಲಿ ಒಬ್ಬರಾದ ಲುಡ್ವಿಗ್ ಬರ್ಗರ್ ಕೂಡ ಜರ್ಮನ್ನರೇ.

ಫೈಟ್ ಯಹೂದಿ ಅಲ್ಲ, ಹೆಂಡತಿ ಯಹೂದಿ. ನಾಜಿಗಳು ಫಾರ್ಮಲ್ಲಿ ಜನಾಂಗ ಯಾವುದು ಅಂತ ಬರೀರಿ ಅಂದಾಗ ಹೆಂಡತಿ ಪರವಾಗಿ ತಾನೂ ಯಹೂದಿ ಅಂತ ಬರೆದು ಕೊಟ್ಟರು ಅಂತ ಹೇಳ್ತಾರೆ. ಅಂಥವರಿಗೆ ಹಾಲಿವುಡ್ ಕೊಟ್ಟಿದ್ದು ನಾಜಿ ಪಾತ್ರಗಳನ್ನೇ, ಉಚ್ಚಾರ ಜರ್ಮನ್ ಅಲ್ವಾ ಅಂತ. ಅವರು ಬೇಡ ಅನ್ನಲಿಲ್ಲ, ನಾಜಿಗಳು ಎಂಥವರು ಅಂತ ತೋರಿಸೋಕೆ ಇದೇ ದಾರಿ ಅಂದ್ಕೊಂಡು ಮೈಯೆಲ್ಲ ಕೊಟ್ಟು ಮಾಡಿದ್ರು. 'ಕಾಸಾಬ್ಲಾಂಕಾ' ಬಂದ ಮುಂದಿನ ವರ್ಷ, 1943ರಲ್ಲಿ, ಐವತ್ತನೇ ವಯಸ್ಸಿಗೆ ತೀರ್ಕೊಂಡ್ರು. ಸಾಬುಗೂ ಹೆಚ್ಚುಕಮ್ಮಿ ಹಾಗೇ, ಮುಖ ನೋಡಿ ಕಾಡಿನ ಹುಡುಗ, ಆನೆ, ಹುಲಿ, ಅಷ್ಟೇ ಪಾತ್ರ. ಅಮೆರಿಕಾದ ವಿಮಾನಪಡೆ ಸೇರಿ ಯುದ್ಧದಲ್ಲಿ ಗನ್ನರ್ ಆಗಿ ಪದಕ ಪಡೆದು ಬಂದ, ಆದ್ರೂ ಪಾತ್ರ ಬದಲಾಗ್ಲಿಲ್ಲ. 1963ರಲ್ಲಿ 39ಕ್ಕೇ ಹೋಗ್ಬಿಟ್ಟ. ಮೈಸೂರು ಹುಡುಗನ ಕಥೆನೂ ಬರ್ಲಿನ್ ನಟನ ಕಥೆನೂ ಒಂದೇ ಸಿನಿಮಾದಲ್ಲಿ ಎದುರುಬದುರು ನಿಂತಿದೆ ಅನ್ನೋದು ನನಗೆ ಇಷ್ಟು ವರ್ಷ ಆದ್ರೂ ಆಶ್ಚರ್ಯ.

ಪ್ರ: ಮಲಾಡಲ್ಲಿ ಜರ್ಮನ್ನರು ಹಿಂದಿ ಸಿನಿಮಾ ಮಾಡ್ತಿದ್ರಂತೆ, ಅವರಿಗೂ ಈ ಹಾಲಿವುಡ್ ಜರ್ಮನ್ನರಿಗೂ ಏನಾದ್ರೂ ಸಂಬಂಧ ಇದ್ಯಾ? ನಮ್ಮ ಮನೆ ಅದೇ ಕಡೆ. (ಮಲಾಡ್ ಪಶ್ಚಿಮ)

ಉ: ನಿಮ್ಮನೆ ಹತ್ರ ಬಾಂಬೆ ಟಾಕೀಸ್ ಕಂಪೌಂಡ್ ಅಂತ ಈಗಲೂ ಕರೀತಾರಲ್ಲ, ಗೋಡೌನು, ಸಣ್ಣ ವರ್ಕ್‌ಶಾಪ್ ತುಂಬ್ಕೊಂಡಿರೋ ಜಾಗ, ಅಲ್ಲೇ. 1934ರಲ್ಲಿ ಹಿಮಾಂಶು ರಾಯ್, ದೇವಿಕಾ ರಾಣಿ ಸ್ಟುಡಿಯೋ ಶುರು ಮಾಡಿದಾಗ ಮ್ಯೂನಿಕ್‌ನಿಂದ ಡೈರೆಕ್ಟರ್ ಫ್ರಾನ್ಸ್ ಓಸ್ಟೆನ್, ಕ್ಯಾಮೆರಾಮನ್ ಯೋಸೆಫ್ ವಿರ್ಶಿಂಗ್, ಇನ್ನೂ ಕೆಲವರನ್ನ ಕರೆಸ್ಕೊಂಡ್ರು. ಓಸ್ಟೆನ್‌ಗೆ ಹಿಂದಿ ಬರ್ತಿರ್ಲಿಲ್ಲ, ಆದ್ರೂ 'ಅಛೂತ್ ಕನ್ಯಾ' ಸೇರಿ ಒಂದರ ಹಿಂದೆ ಒಂದು ಹಿಂದಿ ಸಿನಿಮಾ ಡೈರೆಕ್ಟ್ ಮಾಡಿದ್ರು. ಲ್ಯಾಬಲ್ಲಿ ಕೆಲಸ ಮಾಡ್ತಿದ್ದ ಅಶೋಕ್ ಕುಮಾರ್ ಹೀರೋ ಆಗಿದ್ದೂ ಅವರ ಸಿನಿಮಾದಲ್ಲೇ. ಭಾಷೆ ಗೊತ್ತಿಲ್ಲದ ಡೈರೆಕ್ಟರ್ ನಡೀತಾನೆ, ಭಾಷೆ ಬಾರದ ಹೀರೋ ನಡೆಯಲ್ಲ, ಹಾಲಿವುಡ್‌ನಲ್ಲಿ ನಡೆದ ಮಾತು ಮಲಾಡಲ್ಲೂ ನಡೀತು.

ಸಂಬಂಧ ಅಂದ್ರೆ, ಕಲಿತ ವಿದ್ಯೆ ಒಂದೇ, ನಡೆದ ದಾರಿ ಬೇರೆ. ಇಲ್ಲಿ ಒಂದು ಕಹಿ ವಿಷಯ ಹೇಳಲೇಬೇಕು, ಆ ಕಡೆ ಜನ ಜೀವ ಉಳಿಸ್ಕೊಳ್ಳೋಕೆ ಓಡ್ತಿದ್ದ ಕಾಲದಲ್ಲೇ, 1936ರಲ್ಲಿ, ಓಸ್ಟೆನ್ ನಾಜಿ ಪಕ್ಷದ ಸದಸ್ಯರಾದ್ರು. ಅವರ ಸಿನಿಮಾ ಪ್ರೀತಿಸೋ ನಾವು ಇದನ್ನ ಮುಚ್ಚಿಡಬಾರದು. 1939ರಲ್ಲಿ ಯುದ್ಧ ಶುರುವಾದಾಗ ಬ್ರಿಟಿಷರು ಸ್ಟುಡಿಯೋದ ಜರ್ಮನ್ನರನ್ನೆಲ್ಲ ಹಿಡಿದು ಕ್ಯಾಂಪಿಗೆ ಹಾಕಿದ್ರು, ಓಸ್ಟೆನ್ ಆಮೇಲೆ ಜರ್ಮನಿಗೆ ಹೋದ್ರು. ವಿರ್ಶಿಂಗ್ ಮಾತ್ರ ಯುದ್ಧ ಮುಗಿದ ಮೇಲೆ ಇಲ್ಲೇ ಉಳ್ಕೊಂಡ್ರು.

ಈಗ ಒಂದು ಕೆಲಸ ಮಾಡಿ. ಸಿಯೋಡ್‌ಮಾಕ್ ಹಾಲಿವುಡ್‌ನಲ್ಲಿ 1946ರಲ್ಲಿ ಮಾಡಿದ 'ದಿ ಕಿಲ್ಲರ್ಸ್' ಶುರುವಿನ ಹತ್ತು ನಿಮಿಷ ನೋಡಿ, ಕೊಲ್ಲೋಕೆ ಬರ್ತಿದ್ದಾರೆ ಅಂತ ಗೊತ್ತಿದ್ದೂ ಕತ್ತಲ ರೂಮಲ್ಲಿ ಮಂಚದ ಮೇಲೆ ಮಲಗಿರೋ ಮನುಷ್ಯ, ಮುಖ ನೆರಳಲ್ಲಿ, ಬಾಗಿಲ ಕಡೆ ಮಾತ್ರ ಬೆಳಕು. ಅದಾದ ಮೇಲೆ ವಿರ್ಶಿಂಗ್ ಮುಂಬೈಯಲ್ಲಿ 1949ರಲ್ಲಿ ತೆಗೆದ 'ಮಹಲ್' ಹಾಕಿ, ಪಾಳು ಬಂಗಲೆ, ಉಯ್ಯಾಲೆ ಮೇಲೆ ಮಧುಬಾಲಾ, ಕತ್ತಲೆಯೊಳಗಿಂದ ಕತ್ತಲೆಗೇ ನಡ್ಕೊಂಡು ಹೋಗೋ ಅಶೋಕ್ ಕುಮಾರ್. ಏನನ್ನ ತೋರಿಸಬಾರದು ಅಂತ ಮೊದಲು ತೀರ್ಮಾನ ಮಾಡಿ ಆಮೇಲೆ ಲೈಟ್ ಇಡೋ ಪದ್ಧತಿ ಎರಡರಲ್ಲೂ ಇದೆ. ಅದೇ ಬೊಂಬಾಯಲ್ಲಿ ನಮ್ಮ ಮೈಸೂರಿನ ವಿ.ಕೆ. ಮೂರ್ತಿಯವರು 'ಕಾಗಜ್ ಕೆ ಫೂಲ್'ಗೆ ಹೊರಗಿನ ಬಿಸಿಲನ್ನ ದೊಡ್ಡ ಕನ್ನಡಿಗಳಿಂದ ಸ್ಟುಡಿಯೋ ಒಳಗೆ ಹಾಯಿಸಿ ಆ ಒಂದು ಬೆಳಕಿನ ಕಂಬ ಇಳಿಸಿದ್ರಲ್ಲ, ಅದನ್ನೂ ಈ ಸಾಲಲ್ಲೇ ಇಟ್ಟು ನೋಡಬೇಕು ಅಂತ ನನಗೆ ಅನ್ಸುತ್ತೆ. ವಿರ್ಶಿಂಗ್ ಕೊನೆಗೆ ಹಿಡಿದ ಸಿನಿಮಾ 'ಪಾಕೀಜಾ', ಅದು ಮುಗಿಯೋ ಮೊದಲೇ 1967ರಲ್ಲಿ ಹೋದ್ರು. ಅವರು ತೆಗೆದ ಫೋಟೋಗಳ ಪ್ರದರ್ಶನ ಪಣಜಿಯಲ್ಲಿ ಆಗಿತ್ತು. ದೇವಿಕಾ ರಾಣಿ ಮುಂದೆ ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಲ್ಲಿ ನೆಲೆಸಿದ್ದು ನಿಮಗೆಲ್ಲ ಗೊತ್ತೇ ಇದೆ.

ಪ್ರ: ಈಗಿನ ಜರ್ಮನ್ನರು ಬರೀ ಬ್ಲಾಸ್ಟ್ ಸಿನಿಮಾ ಮಾಡ್ತಾರಲ್ಲ ಸರ್? (ಠಾಣೆ)

ಉ: ಡೈರೆಕ್ಟರ್ ರೋಲಾಂಡ್ ಎಮರಿಕ್ ಬಗ್ಗೆ ಹೇಳ್ತಿದ್ದೀರಿ ಅನ್ಸುತ್ತೆ, 'ಇಂಡಿಪೆಂಡೆನ್ಸ್ ಡೇ', '2012'. ನನಗೆ ಅವು ಅಷ್ಟಾಗಿ ಹಿಡಿಸಲ್ಲ. ಆದ್ರೆ ವೊಲ್ಫ್‌ಗಾಂಗ್ ಪೀಟರ್ಸನ್ 1981ರಲ್ಲಿ ಜರ್ಮನಿಯಲ್ಲೇ ಮಾಡಿದ 'ದಾಸ್ ಬೋಟ್' ನೋಡಿ, ಸಬ್‌ಮರೀನ್ ಒಳಗೆ ಉಸಿರು ಕಟ್ಟತ್ತೆ, ಆರು ಆಸ್ಕರ್ ನಾಮಿನೇಷನ್ ಬಂದ ಮೇಲೇ ಹಾಲಿವುಡ್ ಬಾಗಿಲು ತೆರೀತು. ಮಾರ್ಟಿನ್ ಸ್ಕೋರ್ಸೆಸಿಯ 'ಗುಡ್‌ಫೆಲ್ಲಾಸ್', 'ದಿ ಡಿಪಾರ್ಟೆಡ್' ಎರಡಕ್ಕೂ ಕ್ಯಾಮೆರಾ ಹಿಡಿದ ಮೈಕೆಲ್ ಬಾಲ್‌ಹೌಸ್ ಬರ್ಲಿನ್ನಿನವರು. ಹಾನ್ಸ್ ಝಿಮ್ಮರ್ ಫ್ರಾಂಕ್‌ಫರ್ಟ್‌ನವರು, ಎರಡು ಆಸ್ಕರ್, ನಮ್ಮ ಯಶ್ ರಾವಣನಾಗಿರೋ 'ರಾಮಾಯಣ'ಕ್ಕೆ ರೆಹಮಾನ್ ಜೊತೆ ಸಂಗೀತಕ್ಕೆ ಇರೋದು ಅವರೇ. ಮತ್ತೆ ನೋಡಿ, ಕ್ಯಾಮೆರಾ, ಸಂಗೀತ, ಡೈರೆಕ್ಷನ್.

ಪ್ರ: ನಮ್ಮ ಕನ್ನಡ ಸಂಘದಲ್ಲಿ ಪರದೆ ಕಟ್ಟಿ ಇಂಥ ಮೂರು ಸಿನಿಮಾ ತೋರಿಸಬೇಕು ಅಂತಿದ್ದೀವಿ. ಮಕ್ಕಳೂ ಇರ್ತಾರೆ, ಇಂಗ್ಲಿಷ್ ಬಾರದ ಹಿರಿಯರೂ ಇರ್ತಾರೆ. ಯಾವುದು ಹಾಕೋದು? (ವಾಸ್ಕೋ, ಗೋವಾ)

ಉ: ಬಹಳ ಒಳ್ಳೇ ಕೆಲಸ, ಮಾಡಿ. ಮೊದಲನೇ ದಿನ ಮುರ್ನಾವ್ ಅವರ 'ಸನ್‌ರೈಸ್', 1927ರದು, ಮೂಕಿ. ಹಳ್ಳಿಯ ರೈತ, ಅವನ ಹೆಂಡತಿ, ಪೇಟೆಯಿಂದ ಬಂದ ಇನ್ನೊಬ್ಬಳು, ಇಷ್ಟೇ ಕಥೆ, ನಮ್ಮ ಹಿರಿಯರಿಗೆ ಯಾರೂ ವಿವರಿಸಬೇಕಾಗಿಲ್ಲ. ಅದರಲ್ಲಿ ಒಂದು ಸೀನ್ ಇದೆ, ರಾತ್ರಿ ಆ ರೈತ ಪೇಟೆಯವಳನ್ನ ನೋಡೋಕೆ ಕೆಸರು ಗದ್ದೆ ದಾಟಿ ಹೋಗ್ತಾನೆ, ಕ್ಯಾಮೆರಾ ಅವನ ಹಿಂದೇನೇ ಗಿಡಗಳ ನಡುವೆ ತೇಲ್ತಾ ಹೋಗತ್ತೆ, ಆಮೇಲೆ ಅವನನ್ನೇ ಬಿಟ್ಟು ಬೇರೆ ಕಡೆ ತಿರುಗಿ ಪೊದೆ ಸರಿಸ್ಕೊಂಡು ಅವಳ ಹತ್ರ ಅವನಿಗಿಂತ ಮೊದಲೇ ತಲುಪತ್ತೆ. ಕ್ಯಾಮೆರಾ ಅಲುಗಾಡದ ಹಾಗೆ ಹಿಡಿಯೋ ಈಗಿನ ಗಿಂಬಲ್ ಏನೂ ಇಲ್ಲದ ಕಾಲ, ಸ್ಟುಡಿಯೋ ಚಾವಣಿಯಲ್ಲಿ ಹಳಿ ಹಾಕಿ ಕ್ಯಾಮೆರಾ ನೇತುಹಾಕಿ ತೆಗೆದಿದ್ದು. ಪೇಟೆ ಸೆಟ್ಟಲ್ಲಿ ಹಿಂದಿನ ಕಟ್ಟಡಗಳನ್ನ ಚಿಕ್ಕದಾಗಿ ಕಟ್ಟಿ, ಹಿಂದೆ ಓಡಾಡೋಕೆ ಗಿಡ್ಡ ಜನರನ್ನ ಬಿಟ್ಟು ಬೀದಿ ಮೈಲುಗಟ್ಟಲೆ ಉದ್ದ ಇದೆ ಅನ್ನೋ ಹಾಗೆ ಮಾಡಿದ್ದಾರೆ, ಮಕ್ಕಳಿಗೆ ಇದನ್ನ ಮೊದಲೇ ಹೇಳಿ, ಹುಡುಕ್ತಾ ನೋಡ್ತಾರೆ. ಮೊದಲ ಆಸ್ಕರಲ್ಲಿ ಇದಕ್ಕೆ ಮೂರು ಪ್ರಶಸ್ತಿ ಬಂತು, ಮುರ್ನಾವ್ 1931ರಲ್ಲಿ ಕಾರ್ ಅಪಘಾತದಲ್ಲಿ ತೀರ್ಕೊಂಡಾಗ ಇನ್ನೂ 42.

ಎರಡನೇ ದಿನ 'ದಿ ಥೀಫ್ ಆಫ್ ಬಗ್ದಾದ್', ಸಾಬು ಇದ್ದಾನೆ, ಬಣ್ಣ ಇದೆ, ಹಾರೋ ಕುದುರೆ ಇದೆ, ಮಕ್ಕಳು ಕದಲಲ್ಲ. ಮೂರನೇ ದಿನ ದೊಡ್ಡವರಿಗೆ ಮಾತ್ರ, ಹ್ಯಾಂಬರ್ಗ್‌ನಲ್ಲಿ ಹುಟ್ಟಿದ ಡೈರೆಕ್ಟರ್ ಡಗ್ಲಸ್ ಸರ್ಕ್ ಅವರ 1959ರ 'ಇಮಿಟೇಷನ್ ಆಫ್ ಲೈಫ್'. ತಾಯಿ ಕಪ್ಪು, ಮಗಳು ನೋಡೋಕೆ ಬಿಳಿ, ಬಿಳಿಯರ ನಡುವೆ ಬದುಕೋಕೆ ಅವಳು ಹೆತ್ತ ತಾಯಿಯನ್ನೇ ತಾಯಿ ಅಲ್ಲ ಅಂತಾಳೆ. ಜಾತಿ ಗೊತ್ತಿರೋ ನಮ್ಮ ಜನಕ್ಕೆ ಇದು ಎಲ್ಲಿ ತಾಗಬೇಕೋ ಅಲ್ಲಿ ತಾಗತ್ತೆ.

ಭಾಷೆಗೆ ಒಂದು ಉಪಾಯ, 'ಸನ್‌ರೈಸ್'ನಲ್ಲಿ ಬರೋ ಬರಹದ ಕಾರ್ಡುಗಳು ಕಮ್ಮಿ, ಮೊದಲೇ ಕನ್ನಡಕ್ಕೆ ಬರೆದಿಟ್ಕೊಂಡು ಓದೋಕೆ ಚೆನ್ನಾಗಿ ಬರೋರ ಕೈಗೆ ಮೈಕ್ ಕೊಡಿ. ಯಕ್ಷಗಾನದವರು ಯಾರಾದ್ರೂ ನಿಮ್ಮ ಸಂಘದಲ್ಲಿ ಇದ್ದೇ ಇರ್ತಾರೆ, ಅವರೇ ಸರಿ. ಮಿಕ್ಕ ಎರಡಕ್ಕೆ ಇಂಟರ್ವಲ್ ಇಟ್ಟು ಅಲ್ಲೀವರೆಗಿನ ಕಥೆ ಐದು ನಿಮಿಷದಲ್ಲಿ ಹೇಳಿ. 'ಸನ್‌ರೈಸ್'ಗೆ ಹಕ್ಕಿನ ತೊಂದರೆ ಇಲ್ಲ, ಹಳೇದಾಗಿ ಎಲ್ಲರದ್ದಾಗಿದೆ. ಉಳಿದಿದ್ದಕ್ಕೆ ಮೊದಲು ವಿಚಾರಿಸ್ಕೊಳ್ಳಿ. ಹಾಲಿನ ಕಿಟಕಿಗಳಿಗೆ ದಪ್ಪ ಬಟ್ಟೆ ಕಟ್ಟೋದು ಮರೀಬೇಡಿ, ಈ ಸಿನಿಮಾಗಳಲ್ಲಿ ಕತ್ತಲೆಗೂ ಪಾತ್ರ ಇದೆ, ಹೊರಗಿನ ಟ್ಯೂಬ್‌ಲೈಟ್ ಬಿದ್ರೆ ಏನೂ ಕಾಣಲ್ಲ. ತೋರಿಸಿದ ಮೇಲೆ ಯಾವುದು ಜನಕ್ಕೆ ಹಿಡಿಸ್ತು ಅಂತ ನನಗೆ ಬರೀರಿ.